ತಾವಾಗಿಯೇ ತೆರವಾದ ಮನೆಗಳು

"ಥೂ ಬೋಳಿಮಗನೆ, ನಿಂಗೂ ಅನುಭವ ಪತ್ರ ಬೇಕಾ? ಗೋಡೆ ಕೆಡವಿದ್ದಕ್ಕೆ ಪದವಿ ಕೊಡಬೇಕಾ?"

ಸಾಹೇಬರ ಮಾತಿಗೆ ಕಚೇರಿಯೆಲ್ಲ ನಕ್ಕಿತು. ಹಾರೆಯೂ ಹಲ್ಲು ಕಿರಿದ. ಹನ್ನೊಂದು ವರ್ಷ ಈ ಇಲಾಖೆಗಾಗಿ ದಿನಗೂಲಿಯ ಮೇಲೆ ಬಡವರ ಮನೆ ಒಡೆದವನಿಗೆ ಜನ ಕೊಟ್ಟ ಹೆಸರು ಅದು. ಈಗ ಒಡೆಯಲು ಯಂತ್ರ ಬಂದಿತ್ತು. ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇನು? ಅವನನ್ನು ಕೆಲಸದಿಂದ ಬಿಡಿಸಿದ್ದರು.

"ಹಳೇ ಕಟ್ಟಡ ಒಡೆಯೋ ಕಂಪನಿಯೋರು ಕೆಲ್ಸ ಕೊಡ್ತಾರೆ ಸ್ವಾಮಿ. ಎಲ್ಲಿ ದುಡ್ದಿದ್ದೆ ಅಂತ ಕಾಗ್ದ ಕೇಳ್ತಾರೆ. ನಾಳೆ ಸಂಜೆಯೊಳಗೆ ಕೊಡ್ಬೇಕು."

ಸಾಹೇಬರು ಫೈಲು ತೆರೆದರು. "ನೋಡು, 'ನಿವಾಸಿಗಳು ತಾವಾಗಿಯೇ ತೆರವು ಮಾಡಿದರು.' ಎಲ್ಲಾ ಕಡೆ ಇದೇ ಇದೆ. ಯಾರೂ ಏನೂ ಒಡ್ದೇ ಇಲ್ಲ. ಆಗದಿರೋ ಕೆಲ್ಸಕ್ಕೆ ಪತ್ರ ಹೆಂಗೋ ಕೊಡ್ಲಿ?"

ಗೋಡೆ ಮೈಮೇಲೆ ಕುಸಿದಾಗ ಕಳೆದುಕೊಂಡ ತನ್ನ ಎಡಗೈಯ ಎರಡು ಬೆರಳೂ ತಾವಾಗಿಯೇ ತೆರವಾದವೇನೋ ಎಂದು ಹಾರೆ ನೋಡಿಕೊಂಡ.

ಅವನ ಕೆಲಸವನ್ನು ಕಣ್ಣಾರೆ ಕಂಡವರು ಇನ್ನು ಯಾರು? ಮನೆ ಕಳೆದುಕೊಂಡವರು ಸೇತುವೆ ಕೆಳಗೆ ತಾಡಪಾಲು ಕಟ್ಟಿಕೊಂಡಿದ್ದರು. ಅಲ್ಲಿಗೆ ಕಾಲಿಟ್ಟದ್ದೇ ತಡ, ಮುದುಕಿಯೊಬ್ಬಳ ಚಪ್ಪಲಿ ಹಾರಿಬಂತು.

"ಮನೆಹಾಳ! ಈ ತಾಡಪಾಲೂ ಬೇಕೇನೋ ನಿಂಗೆ?"

"ಒಡ್ಯೋಕ್ ಬಂದಿಲ್ಲ ಅಜ್ಜಿ. ನಾನೇ ಒಡ್ದೆ ಅಂತ ಬರ್ಕೊಡು."

ಫೈಲಿನ ಸಂಗತಿ ಕೇಳಿ ಅಜ್ಜಿ ಕೆಂಡವಾದಳು. "ನಾವಾಗೇ ಬಿಟ್ಟು ಹೋದ್ವಂತಾ? ಮುಂಡೇಮಕ್ಳು! ತೊಟ್ಟಿಲಲ್ಲಿ ಕೂಸು ಮಲಗಿತ್ತು, ಎತ್ಕೊಳ್ಳೋಕೂ ಬಿಡ್ದೆ ಗೋಡೆಗೆ ಹಾರೆ ಹಾಕ್ದಲ್ಲೋ ನೀನು!"

"ಹೂಂ ಅಜ್ಜಿ. ಅದನ್ನೂ ಬರ್ಸು." ಅವನು ಬಿದ್ದಿದ್ದ ಚಪ್ಪಲಿ ಎತ್ತಿ ಅವಳ ಕಾಲ ಬಳಿ ಇಟ್ಟ.

ಅಜ್ಜಿಯ ಮೊಮ್ಮಗಳು ಬರೆದಳು. ಎಂಬತ್ತಮೂರು ಜನ ಹೆಬ್ಬೆಟ್ಟು ಒತ್ತಿದರು. ಕೆಲವರು ಮೊದಲು ಅವನ ಕೆನ್ನೆಗೆ ಬಾರಿಸಿ ಆಮೇಲೆ ಒತ್ತಿದರು.

ಮರುದಿನ ಸಾಹೇಬರು ಕಾಗದ ಓದಿದರು: 'ಸಾಹೇಬರು ಎದುರಿಗೇ ನಿಂತು ಹೇಳಿದಂತೆ ಈತನು ನಮ್ಮ ಮನೆಗಳನ್ನು ಒಡೆದಿದ್ದು ನಿಜ. ಕೆಲಸದಲ್ಲಿ ಬಹಳ ಚುರುಕು.' ಕೆಳಗೆ ಒಂದೊಂದು ಮನೆಯ ತಾರೀಖು.

ಸಾಹೇಬರ ಮುಖ ಇಂಗು ತಿಂದ ಮಂಗನಂತಾಯಿತು. "ಅಣ್ಣಾ, ಕೂತ್ಕೋ. ಇದನ್ನ ಹರಿದ್ಹಾಕೋಣ. ನಿಂಗೆ ಎಂಥಾ ಪತ್ರ ಬೇಕು ಹೇಳು, ಈಗ್ಲೇ ಸೀಲು ಹಾಕಿ ಕೊಡ್ತೀನಿ."

ಹನ್ನೊಂದು ವರ್ಷದಲ್ಲಿ ಆ ಬಾಯಿಂದ ಅಣ್ಣಾ ಎಂದು ಕೇಳಿದ್ದು ಇದೇ ಮೊದಲು. ಪತ್ರ ಸಿಕ್ಕರೆ ಸಂಜೆಗೆ ಕೆಲಸ, ಮನೆಯಲ್ಲಿ ಒಲೆ. ಹಾರೆಗೆ ಆಸೆಯಾಯಿತು, ನಿಜವಾಗಿಯೂ ಆಸೆಯಾಯಿತು. ಕಿಟಕಿಯಾಚೆ, ಅವನ ಜೊತೆ ಬಂದಿದ್ದ ಅಜ್ಜಿ ಬಿಸಿಲಲ್ಲಿ ನಿಂತಿದ್ದಳು.

ಅವನು ಕಾಗದ ಕಿತ್ತುಕೊಂಡ. "ಇರ್ಲಿ ಬಿಡಿ ಸ್ವಾಮಿ. ಇದ್ರಲ್ಲಿ ನಿಮ್ ಅನುಭವಾನೂ ಇದೆ. ಮುಂದೆ ನೀವೂ ಕೆಲ್ಸ ಹುಡುಕ್ಬೇಕಲ್ಲ."

ಕಂಪನಿಯ ಬಾಗಿಲು ಮುಚ್ಚುವ ಹೊತ್ತಿಗೆ ಅವನು ಅಜ್ಜಿಯೊಂದಿಗೆ ಕೋರ್ಟಿನಲ್ಲಿದ್ದ. "ಯಾರ ಮೇಲೆ ದೂರು?" ಎಂದು ಗುಮಾಸ್ತ ಕೇಳಿದ.

"ಮೊದ್ಲು ನನ್ ಹೆಸ್ರು ಬರ್ಕೊಳ್ಳಿ" ಎಂದ ಹಾರೆ.