ಅತ್ತಿಗೆಯ ತರ್ಕದ ತರಗತಿ

ಸಾಮಾನ್ಯ ಶಿಕ್ಷಣದ ಪಾಠಗಳನ್ನು ಹೊಸದಾಗಿ ರೂಪಿಸುವ ಸಮಿತಿಗೆ ಸಂಚಾಲಕಿಯಾದಂದಿನಿಂದ ಸಂಖ್ಯಾಶಾಸ್ತ್ರದ ಮೇಡಂಗೆ ನಿಂತಲ್ಲಿ ನಿಲ್ಲಲಾಗುತ್ತಿರಲಿಲ್ಲ. ವಿಜ್ಞಾನ ಓದಲಿ, ವಾಣಿಜ್ಯ ಓದಲಿ, ವಿಶ್ವವಿದ್ಯಾಲಯಕ್ಕೆ ಸೇರಿದವರೆಲ್ಲ ಕಲಿಯಲೇಬೇಕಾದ ಪಾಠಗಳವು. ಹೊರೆ ಇಳಿಸಬೇಕೆಂದು ಎಲ್ಲರೂ ಒಪ್ಪಿದರು, ತಮ್ಮದನ್ನು ಮಾತ್ರ ಮುಟ್ಟಬೇಡಿ ಎಂದರು. ಕೊನೆಗೆ ಎಲ್ಲರ ಕಣ್ಣು ತರ್ಕಶಾಸ್ತ್ರದ ಮೇಲೆ ಬಿತ್ತು. ಅದರ ಪರವಾಗಿ ಮಾತಾಡಲು ಸಮಿತಿಯಲ್ಲಿ ಯಾರೂ ಇರಲಿಲ್ಲ. ಅದನ್ನು ಕಲಿಸುತ್ತಿದ್ದವರು ಮೇಡಂ ಗಂಡನ ಅಕ್ಕ.

ಅತ್ತಿಗೆ ಇದ್ದದ್ದು ಅದೇ ಮನೆಯ ಮಹಡಿಯಲ್ಲಿ. ದಿನಾ ತಿಂಡಿಗೆ ಕೂತಾಗ ಮೇಡಂಗೆ ವಿಷಯ ಹೇಳಿಬಿಡಬೇಕು ಅನ್ನಿಸುತ್ತಿತ್ತು, ಆದರೆ ಅರ್ಧಕ್ಕೇ ಎದ್ದು ಓಡಾಡತೊಡಗುತ್ತಿದ್ದಳು.

"ಯಾಕೇ, ಕಾಲು ಸುಟ್ಟ ಬೆಕ್ಕಿನ ಹಾಗೆ ಓಡಾಡ್ತೀಯಾ?" ಎಂದು ಅತ್ತಿಗೆಯೇ ಕೇಳಿದರು.

"ಕೆಲಸ ಜಾಸ್ತಿ, ಅತ್ತಿಗೆ."

ಸಮಿತಿ ತೀರ್ಮಾನ ಮಾಡಬೇಕಿದ್ದ ಸಭೆಯ ಹಿಂದಿನ ದಿನ ಅವಳು ಸದ್ದಿಲ್ಲದೆ ಅತ್ತಿಗೆಯ ತರಗತಿಗೆ ಹೋಗಿ ಕೊನೆಯ ಬೆಂಚಿನಲ್ಲಿ ಕೂತಳು. ಅತ್ತಿಗೆ ಹಳೇ ಟಿಪ್ಪಣಿ ನೋಡಿಕೊಂಡು ಓದುತ್ತಿದ್ದರು. ಮುಂದಿನ ಬೆಂಚಿನವರು ಬರೆದುಕೊಳ್ಳುತ್ತಿದ್ದರು, ಉಳಿದವರು ಮೊಬೈಲಿನಲ್ಲಿ ಮುಳುಗಿದ್ದರು. ಈ ಪಾಠ ಕೈಬಿಡುವುದೇ ಸರಿ ಎಂದು ಅವಳು ಏಳುವಷ್ಟರಲ್ಲಿ ಒಬ್ಬ ಹುಡುಗಿ ಎದ್ದು ನಿಂತಳು.

"ಮೇಡಂ, ಅಮ್ಮನ ರಕ್ತಪರೀಕ್ಷೆಯಲ್ಲಿ ಒಂದು ಅಪರೂಪದ ಕಾಯಿಲೆ ಇದೆ ಅಂತ ಬಂದಿದೆ. ಪರೀಕ್ಷೆ ತಪ್ಪೋದು ಕಮ್ಮಿಯಂತೆ. ಹಾಗಾದ್ರೆ ಕಾಯಿಲೆ ಇದೆ ಅಂತಾನೇ ಅರ್ಥನಾ?"

ಅತ್ತಿಗೆ ತಡವರಿಸಿದರು. "ಅದು ಪಠ್ಯದಲ್ಲಿಲ್ಲಮ್ಮ."

ಸಂಖ್ಯಾಶಾಸ್ತ್ರದ ಮೇಡಂಗೆ ತಡೆಯಲಾಗಲಿಲ್ಲ. ಹಿಂದಿನಿಂದ ದಡದಡನೆ ಬಂದು ಬೋರ್ಡಿನ ಮೇಲೆ ಲೆಕ್ಕ ಹಾಕಿದಳು. ಅಪರೂಪದ ಕಾಯಿಲೆಯಾದರೆ, ಒಳ್ಳೆಯ ಪರೀಕ್ಷೆಯಲ್ಲೂ ನಿಜವಾದ ರೋಗಿಗಳಿಗಿಂತ ತಪ್ಪಾಗಿ ಸಿಕ್ಕಿಬೀಳುವ ಆರೋಗ್ಯವಂತರೇ ಹೆಚ್ಚಿರಬಹುದು. ಅಷ್ಟರಲ್ಲಿ ಅತ್ತಿಗೆಯ ದನಿ ಏರಿತು.

"ಕಾಯಿಲೆ ಇದ್ರೆ ಪರೀಕ್ಷೆಯಲ್ಲಿ ಗೊತ್ತಾಗುತ್ತೆ ಅನ್ನೋದು ಒಂದು ಮಾತು. ಪರೀಕ್ಷೆಯಲ್ಲಿ ಬಂತು, ಅದಕ್ಕೇ ಕಾಯಿಲೆ ಇದೆ ಅನ್ನೋದು ಬೇರೇನೇ ಮಾತು! ಇಷ್ಟು ದಿನ ನಾನು ಬಡ್ಕೊಂಡಿದ್ದು ಇದನ್ನೇ ಅಲ್ವಾ?"

ಮೊಬೈಲುಗಳು ಕೆಳಗಿಳಿದವು. ಇನ್ನೊಮ್ಮೆ ಪರೀಕ್ಷೆ ಮಾಡಿಸಿ ಎಂದು ಅಮ್ಮನಿಗೆ ಹೇಳಲು ಹುಡುಗಿ ಹೊರಗೆ ಓಡಿದಳು.

ಕಾರಿಡಾರಿನಲ್ಲಿ ಅತ್ತಿಗೆ ತಮ್ಮನ ಹೆಂಡತಿಯನ್ನು ತಡೆದರು. "ನನ್ನ ಪಾಠ ತೂಗಿ ನೋಡಕ್ಕೆ ಬಂದ್ಯಾ?"

"ಕೈಬಿಡೋ ಮುಂಚೆ ಒಂದ್ಸಲ ನೋಡೋಣ ಅಂತ…"

"ಕೈಬಿಡೋದಾ?"

ಅತ್ತಿಗೆಯ ಮುಖ ಬಿಳಿಚಿಕೊಂಡಿತು. ಮರುದಿನ ಅವರು ತಿಂಡಿಗೆ ಕೆಳಗಿಳಿಯಲಿಲ್ಲ.

ಸಭೆಯಲ್ಲಿ ಅವಳು ತರ್ಕಶಾಸ್ತ್ರ ಕೈಬಿಡಬೇಕೆಂದು ತಾನೇ ಬರೆದಿದ್ದ ಪ್ರಸ್ತಾವವನ್ನು ಬದಿಗಿಟ್ಟಳು. ಬೇರೆ ಬೇರೆ ವಿಭಾಗದ ಇಬ್ಬರು ಒಟ್ಟಿಗೆ ನಿಂತು, ಮಕ್ಕಳು ತರುವ ಪ್ರಶ್ನೆಗಳ ಮೇಲೆ ಪಾಠ ಮಾಡಲಿ, ಮೊದಲ ಜೋಡಿ ತಾನೂ ಅತ್ತಿಗೆಯೂ ಎಂದಳು. ಭೌತಶಾಸ್ತ್ರದ ಮುಖ್ಯಸ್ಥರು ಮೂಗು ಮುರಿದರು.

"ಮನೆ ಜಗಳಾನ ಇಲ್ಲಿ ರಾಜಿ ಮಾಡಿಸ್ತಿದ್ದೀರಾ?"

ಅವಳ ಕಿವಿ ಬಿಸಿಯಾಯಿತು. "ಅದೂ ಸ್ವಲ್ಪ ಇರಬಹುದು ಸಾರ್. ಆದ್ರೆ ನಿನ್ನೆ ಒಂದು ಹುಡುಗಿ ಕೇಳಿದ ಪ್ರಶ್ನೆಗೆ ನಾನೊಬ್ಳೇ ಪೂರ್ತಿ ಉತ್ತರ ಕೊಡಕ್ಕಾಗಲಿಲ್ಲ. ನಿಮ್ಮ ಕೈಲಾಗುತ್ತಾ, ಹೇಳಿ." ನಡೆದದ್ದನ್ನೆಲ್ಲ ಹೇಳಿದಳು. ಗೊಣಗಾಟದ ನಡುವೆಯೇ ಒಂದು ವರ್ಷ ಮಾಡಿ ನೋಡೋಣ ಎಂದಾಯಿತು.

ಸಂಜೆ ಮಹಡಿ ಹತ್ತಿದಾಗ ಬಾಗಿಲು ಅರ್ಧ ಮಾತ್ರ ತೆರೆಯಿತು.

"ನನ್ನ ಮೇಲೆ ಕನಿಕರಾನಾ?" ಸಭೆಯ ಸುದ್ದಿ ಆಗಲೇ ತಿಳಿದಿದ್ದ ಅತ್ತಿಗೆ ಕೇಳಿದರು.

"ಅಲ್ಲ, ಅತ್ತಿಗೆ. ಇಬ್ರೂ ಒಟ್ಟಿಗೆ ಪಾಠ ಮಾಡೋದು ಅಂತ ಒಪ್ಪಿಸ್ಕೊಂಡು ಬಂದಿದ್ದೀನಿ. ಈಗ ಭಯ ಆಗ್ತಿದೆ."

ಅತ್ತಿಗೆ ಅವಳನ್ನೇ ದಿಟ್ಟಿಸಿದರು. "ನಿನ್ನ ಕಾಗೆ ಕಾಲಿನ ಅಕ್ಷರ ಯಾರಿಗೂ ಅರ್ಥ ಆಗಲಿಲ್ಲ ಕಣೇ. ಬೋರ್ಡ್ ಮೇಲೆ ಬರೆಯೋದು ನಾನು."

ಬಾಗಿಲು ಪೂರ್ತಿ ತೆರೆಯಿತು. ಒಳಗೆ ಕುರ್ಚಿ ಎಳೆದುಕೊಟ್ಟರೂ ಅವಳಿಗೆ ಕೂರಲಾಗಲಿಲ್ಲ. ಮೊದಲ ದಿನ ಏನು ಪಾಠ ಮಾಡುವುದೆಂದು ಕೇಳುತ್ತ ಕೋಣೆಯ ಉದ್ದಕ್ಕೂ ಓಡಾಡಿದಳು.