ಏಳನೆಯ ಬಾಗಿಲು

ನಡೆಯುವಾಗ ಅವರ ತುಟಿ ಅಲುಗುತ್ತಿತ್ತು. ಏನೋ ಪ್ರಾರ್ಥನೆಯಿರಬೇಕೆಂದು ಭಾವಿಸಿ ಗೌರವದಿಂದ ದಾರಿ ಬಿಟ್ಟವರೂ ಉಂಟು. ವಸ್ತುತಃ ಅವರು ಬೀದಿಯ ಬಾಗಿಲುಗಳನ್ನು ಎಣಿಸುತ್ತಿದ್ದರು. ಏಳಕ್ಕೊಮ್ಮೆ ತಡೆದು ನಿಲ್ಲುವುದು ಕಾಲಿಗೇ ಅಂಟಿಹೋದ ಅಭ್ಯಾಸ. ಯಾರದೋ ಮದುವೆಗೆ ಹೊರಟಾಗಲೂ ಹಾಗೆಯೇ ನಿಂತುಬಿಡುವರು. ಹಿಂದೆ ಬರುತ್ತಿದ್ದ ನಾವು ಅವರ ಬೆನ್ನಿಗೆ ಡಿಕ್ಕಿ ಹೊಡೆಯುವೆವು. ಜನಾಭಿಪ್ರಾಯ ಸಂಗ್ರಹಿಸುವ ನಮ್ಮ ಪುಟ್ಟ ಕಚೇರಿಯಲ್ಲಿ ಅವರು ಮೇಲ್ವಿಚಾರಕರು. ನಾನು ಬೀದಿ ಬೀದಿ ತಿರುಗಿ, ಏಳು ಮನೆಗೊಂದರಂತೆ ಬಾಗಿಲು ತಟ್ಟಿ ಕೇಳಿ ಬರೆಯುವವನು. ಬೆನ್ನ ಹಿಂದೆ ನಾವು ಅವರಿಗಿಟ್ಟ ಹೆಸರು 'ಏಳನೇ ಬಾಗಿಲು'.

ಮೊಣಕೈ ಸವೆದ ಕಂದು ಕೋಟು, ಅದರ ಜೇಬಿನಲ್ಲಿ ನಮೂನೆಗಳ ಕಟ್ಟು, ನಾಲಗೆಯ ತುದಿಯಲ್ಲಿ ಸದಾ ಸಿದ್ಧವಾದ ಒಂದೇ ಮಾತು: "ಹಾಗನ್ನೋಕಾಗಲ್ಲ." ಮಳೆ ಬರುತ್ತಿದೆಯೇ ಎಂದು ಕೇಳಿದರೆ, "ಒಂದೇ ಕಿಟಕಿ ನೋಡಿ ಹೇಗಪ್ಪಾ ಹೇಳೋದು?" ಎಂದು ಎದ್ದು ಹೋಗಿ ಹಿಂದಿನ ಕಿಟಕಿಯನ್ನೂ ನೋಡಿಬರುತ್ತಿದ್ದರು. ಒಮ್ಮೆ ನಾನು ಬೀಗ ಹಾಕಿದ್ದ ಏಳನೆಯ ಮನೆಯನ್ನು ಬಿಟ್ಟು, ಕರೆದು ನೀರು ಕೊಟ್ಟ ಎಂಟನೆಯ ಮನೆಯವರ ಅಭಿಪ್ರಾಯ ಬರೆದುಕೊಂಡು ಬಂದೆ.

"ಕರೆದು ಕೂರಿಸೋರ ಅಭಿಪ್ರಾಯವೇ ಊರಿನ ಅಭಿಪ್ರಾಯ ಆಗ್ಬಿಟ್ರೆ, ಬೀಗ ಹಾಕ್ಕೊಂಡು ದುಡಿಯೋಕೆ ಹೋದೋರ ಗತಿ ಏನಯ್ಯಾ?" ಎಂದು ನನ್ನನ್ನು ಮೂರು ಸಲ ಆ ಬಾಗಿಲಿಗೆ ಅಟ್ಟಿದರು. ಆಗ ಮೈಯೆಲ್ಲ ಉರಿದಿತ್ತು. ಈಗ ನೆನೆದರೆ ಪ್ರೀತಿ ಉಕ್ಕುತ್ತದೆ.

ಸಾರ್ವಜನಿಕ ವಾಚನಾಲಯವನ್ನು ಮುಚ್ಚಿ ಅಲ್ಲಿ ವಾಹನ ನಿಲ್ಲಿಸುವ ಜಾಗ ಮಾಡಬಹುದೇ ಎಂದು ತಿಳಿಯಲು ನಗರಸಭೆ ನಮಗೆ ಸಮೀಕ್ಷೆ ಒಪ್ಪಿಸಿತು. ಆ ವಾಚನಾಲಯವೆಂದರೆ ಅವರಿಗೆ ಪ್ರಾಣ. ಮೂವತ್ತು ವರ್ಷ ಪ್ರತಿ ಸಂಜೆ, ಕಿಟಕಿ ಪಕ್ಕದ ಅದೇ ಕುರ್ಚಿ. ನಾವಿಬ್ಬರೂ ಎಣಿಸುತ್ತ ಹೋದ ಒಂದು ಬೀದಿಯಲ್ಲಿ ಏಳನೆಯದಾಗಿ ಎದುರಾದದ್ದು ಅವರದೇ ಮನೆ. ಮನೆಯಲ್ಲಿ ಇನ್ನು ಮುಂದೆ ಯಾರ ಹುಟ್ಟಿದ ದಿನ ಮೊದಲು ಬರುವುದೋ ಅವರನ್ನೇ ಕೇಳಬೇಕೆಂಬುದು ಅವರೇ ಮಾಡಿದ ನಿಯಮ. ಅಲ್ಲಿದ್ದವರು ಗಂಡ ಹೆಂಡತಿ ಇಬ್ಬರೇ.

"ನಂದು ಬರೋ ತಿಂಗಳು. ಬರ್ಕೋ, ನಾನೇ ಹೇಳ್ತೀನಿ," ಎಂದರು, ಮುಖ ಅರಳಿತ್ತು.

"ಅಮ್ಮಾವ್ರದು ಯಾವಾಗ ಸಾರ್?"

ಅಡುಗೆಮನೆಯ ಕಡೆ ತಿರುಗಿ ನೋಡಿದರು. ಗೊತ್ತಿರಲಿಲ್ಲ.

"ನಂದು ನಾಳಿದ್ದು," ಎಂದರು ಒಳಗಿನಿಂದ ಕೈ ಒರೆಸಿಕೊಳ್ಳುತ್ತ ಬಂದ ಅವರ ಮಡದಿ. ಪ್ರಶ್ನೆ ಕೇಳಿದೆ. "ಮೂವತ್ತು ವರ್ಷದಲ್ಲಿ ಈ ಮನೇಲಿ ನನ್ನ ಅಭಿಪ್ರಾಯ ಕೇಳ್ತಿರೋದು ಇದೇ ಮೊದಲು. ಬರ್ಕೋಪ್ಪ, ಮುಚ್ಚಲಿ. ಸಂಜೆ ಹೊತ್ತಾದ್ರೂ ಇವ್ರು ಮನೇಲಿರ್ಲಿ."

ನಾನು ಪೆನ್ನು ಹಿಡಿದು ಮೇಲ್ವಿಚಾರಕರತ್ತ ನೋಡಿದೆ. ಅವರು ನೆಲ ನೋಡುತ್ತಿದ್ದರು. "ಹೇಳಿದ್ದನ್ನ ಹೇಳಿದ ಹಾಗೇ ಬರಿ," ಎಂದರು. ದನಿ ಸಣ್ಣಗಾಗಿತ್ತು.

ಕೂದಲೆಳೆಯ ಅಂತರದಲ್ಲಿ ವಾಚನಾಲಯ ಉಳಿಯಿತು. ಆದರೆ ಮಡದಿಯ ಹುಟ್ಟಿದ ದಿನವಾದ ಆ ನಾಳಿದ್ದಿನಿಂದ ಕಿಟಕಿ ಪಕ್ಕದ ಕುರ್ಚಿ ಸಂಜೆಹೊತ್ತು ಖಾಲಿಯಾಗಿರುತ್ತಿತ್ತು. ಕಚೇರಿ ಮುಗಿದೊಡನೆ ಅವರು ಎಲ್ಲೂ ತಡೆಯದೆ, ತುಟಿ ಅಲುಗಿಸದೆ, ನೆಟ್ಟಗೆ ಮನೆಯ ಕಡೆಗೆ ನಡೆದುಬಿಡುತ್ತಿದ್ದರು.

ಬೇಕಾದ ಉತ್ತರ ಸಿಗುವ ಬಾಗಿಲನ್ನೇ ತಟ್ಟುವವರು ಲೋಕದಲ್ಲಿ ಬೇಕಾದಷ್ಟು ಜನ. ಸರದಿ ಬಂದ ಬಾಗಿಲನ್ನು ತಟ್ಟಿ, ಒಳಗಿನಿಂದ ಬಂದದ್ದನ್ನು ತಲೆಬಾಗಿ ಬರೆದುಕೊಳ್ಳುವವರು ವಿರಳ. ಆ ವಿರಳರಿಗೂ ಕಟ್ಟಕಡೆಗೆ ನೆನಪಾಗುವುದು ಸ್ವಂತ ಮನೆಯ ಬಾಗಿಲು.