ಒಂಬತ್ತನೆಯ ಸಾಲು

ಬೆರಳಿಟ್ಟು ಎಣಿಸಿದರೂ ಪರದೆಯ ಮೇಲೆ ಹದಿಮೂರೇ ಸಾಲುಗಳಿದ್ದವು. ಅಮೃತಾ ಮತ್ತೊಮ್ಮೆ ಎಣಿಸಿದಳು. ಹದಿನಾಲ್ಕು ಇರಬೇಕಿತ್ತು.

ಇಟ್ಟಿಗಿ ಊರಿನ ಕಡೆಯ ಆ ಪಂಪ್‌ಹೌಸಿನ ಮೋಟಾರುಗಳನ್ನು ನಡೆಸುವ ಪ್ರೋಗ್ರಾಮು ಹಳೆಯ ಕಂಪ್ಯೂಟರ್ ಭಾಷೆಯೊಂದರಲ್ಲಿತ್ತು. ಒಂದು ಮೋಟಾರು ಶುರುಮಾಡಲು ಹದಿನಾಲ್ಕು ಸಾಲು ಬರೆಯಬೇಕು. ಬರೆಯುವವರು ಬೇಸತ್ತು ಎಲ್ಲಾದರೂ ತಪ್ಪುತ್ತಿದ್ದರು. ಅದಕ್ಕೇ ಅಮೃತಾ ಮೂರು ತಿಂಗಳು ಕೂತು ಗಿಡ್ಡ ರೂಪವೊಂದನ್ನು ಮಾಡಿದ್ದಳು. ‘ಶುರು’ ಎಂದು ಒಂದೇ ಸಾಲು ಬರೆದರೆ ಕಂಪ್ಯೂಟರೇ ಅದನ್ನು ಹದಿನಾಲ್ಕೂ ಸಾಲಾಗಿ ಬಿಡಿಸಿಕೊಳ್ಳಬೇಕಿತ್ತು. ಜೊತೆಗೆ ಕೆಲಸ ಮಾಡುವ ಅರುಣಕುಮಾರ್ ಬೆಳಿಗ್ಗೆಯೇ ಅದನ್ನು ಇಲ್ಲಿನ ಕಂಪ್ಯೂಟರಿಗೆ ಹಾಕಿ, “ಇನ್‌ಮ್ಯಾಲೆ ಕೈನೋವು ತಪ್ಪಿತು ನೋಡ್ರಿ” ಎಂದು ನಕ್ಕು ಚಹಾ ತರಲು ಹೋಗಿದ್ದ.

ಬಿಟ್ಟುಹೋದದ್ದು ಒಂಬತ್ತನೆಯ ಸಾಲು. ಪಂಪು ನೀರೆಳೆಯುವ ಬಾವಿಗೆ ಇಳಿಯುವವನು ಮೇಲಿನ ಪೆಟ್ಟಿಗೆಯ ಕೀಲಿ ತಿರುಗಿಸಿ ಜೇಬಿಗೆ ಹಾಕಿಕೊಳ್ಳುತ್ತಾನೆ. ಅದು ಪೆಟ್ಟಿಗೆಗೆ ಮರಳುವವರೆಗೆ ಮೋಟಾರು ಕಾಯಬೇಕು ಎನ್ನುವುದೇ ಆ ಸಾಲು. ಎರಡನೆಯ ಸಾಲಿನಲ್ಲೂ ಇದೇ ಇದೆ ಎಂದುಕೊಂಡು ಅವಳೇ ಅಳಿಸಿದ್ದಳು. ಎರಡನೆಯದು ಬಾಗಿಲಿನ ಕೀಲಿಯದಾಗಿತ್ತು.

ಮೋಟಾರು ಹನ್ನೊಂದಕ್ಕೆ ತಾನಾಗಿ ಶುರುವಾಗಲಿತ್ತು. ಆಗಲೇ ಹತ್ತು ಐವತ್ತೊಂಬತ್ತು. ಜಾಲರಿಯ ಪಾಚಿ ತೆಗೆಯುವ ಪಾಲಾಕ್ಷಪ್ಪ ಬಾವಿಯೊಳಗಿದ್ದ.

ಎಲ್ಲವನ್ನೂ ನಿಲ್ಲಿಸುವ ಗೋಡೆಯ ಕೆಂಪು ಗುಂಡಿಯನ್ನು ಎರಡೂ ಅಂಗೈಯಿಂದ ಗುದ್ದಿದಳು. ದೀಪಗಳೆಲ್ಲ ಆರಿದವು. ಅಷ್ಟರೊಳಗೆ ಮೋಟಾರು ತಿರುಗಿತೋ ಇಲ್ಲವೋ ತಿಳಿಯಲಿಲ್ಲ. ಹೊರಗೆ, ಬಾವಿಯ ಕಟ್ಟೆಗೆ ಓಡಿದಳು.

“ಪಾಲಾಕ್ಷಪ್ಪಾ!”

ಕೆಳಗೆ ಕಪ್ಪು ನೀರು ಅಲುಗುತ್ತಿತ್ತು. ಕಟ್ಟೆಯ ಮೇಲೆ ಬಗ್ಗಿ ಮತ್ತೆ ಕೂಗಿದಳು.

“ಯಾಕ್ರಿ ಮೇಡಂ?” ಬಾವಿಯ ಗೋಡೆಯ ಮಗ್ಗುಲಿಂದ ಅವನ ತಲೆ ಕಂಡಿತು.

“ಮ್ಯಾಲ ಬರ್ರಿ. ಲಗೂನ ಬರ್ರಿ!”

“ಇನ್ನೂ ಅರ್ಧ ಐತ್ರಿ.”

“ಇರ್ಲಿ, ಬರ್ರಿ!”

ಅವನು ಗೊಣಗುತ್ತ ಹತ್ತತೊಡಗಿದ. ಚಹಾ ಹಿಡಿದು ಬಂದ ಅರುಣಕುಮಾರ್ ಅವಳ ಮುಖ ನೋಡಿ, ವಿಷಯ ಕೇಳಿ, ಚಹಾ ಕೆಳಗಿಟ್ಟ.

“ಏನೂ ಆಗಿಲ್ಲಲ್ಲ, ಸುಮ್ಕಿರ್ರಿ,” ಎಂದು ಪಿಸುಗುಟ್ಟಿದ. “ಪಾಲಾಕ್ಷಪ್ಪಗ ಹೇಳೂದು ಬ್ಯಾಡ. ನಮ್ಮ ಕೆಲಸ ಹೋಗ್ತೈತಿ.”

ಪಾಲಾಕ್ಷಪ್ಪ ಮೇಲೆ ಬಂದು ಟವೆಲ್ಲಿನಿಂದ ಮುಖ ಒರೆಸಿಕೊಂಡ. ಅಮೃತಾ ಅವನ ಎದುರಿಗೆ ಹೋದಳು.

“ಒಂದು ಸಾಲು ನಾನ ಅಳಿಸಿಬಿಟ್ಟಿದ್ದೆ,” ಎಂದಳು. “ನೀವು ಒಳಗ ಇದ್ದಾಗ್ಲೇ ಮೋಟಾರು ಶುರು ಆಗ್ತಿತ್ತು.”

“ಆ ಸಾಲಿನ್ಯಾಗ ಏನ್ ಬರ್ದಿತ್ರಿ?”

“ಒಳಗ ಮನುಷ್ಯಾ ಅದಾನ, ಕಾಯ್ಬೇಕು ಅಂತ.”

ಅವನು ಬಾವಿಯತ್ತ ತಿರುಗಿ ನೋಡಿದ. ಮೊಣಕಾಲು ಹಿಡಿದುಕೊಂಡು ಮೇಲಿನ ಮೆಟ್ಟಿಲ ಮೇಲೆ ಕೂತ. ಅವನ ಪಾದಗಳಿಂದ ಇಳಿದ ನೀರು ಬಿಸಿ ಸಿಮೆಂಟಿನ ಮೇಲೆ ಹರಡಿ, ಅಂಚಿನಿಂದ ಮೆಲ್ಲಗೆ ಆರತೊಡಗಿತು.